ಕಸ್ತೂರಿಯ ಪಿಕಪ್ ತಾನೇ ಕೂಗಿದ ಮಳೆಗಾಲ

ನೀವು ನಂಬುವುದಿಲ್ಲ ಎಂದು ನನಗೆ ಗೊತ್ತು. ನಂಬಲೇಬೇಡಿ. ಗೋಕಾಕದಲ್ಲಿ ನನ್ನ ಮಾತು ನಂಬಿದವರು ಯಾರೂ ಉದ್ಧಾರವಾಗಿಲ್ಲ. ನಂಬದವರೂ ಆಗಿಲ್ಲ, ಆ ಮಾತು ಬೇರೆ. ಒಂದು ಹಳೆಯ ಪಿಕಪ್ ಗಾಡಿ ಯಾರೂ ಮುಟ್ಟದೆ ತಾನೇ ಹಾರ್ನ್ ಹೊಡೆಯುತ್ತಿತ್ತು, ಹೊಡೆದ ಬೆನ್ನಿಗೇ ಎಂಜಿನ್ ಬಂದ್ ಮಾಡಿಕೊಳ್ಳುತ್ತಿತ್ತು, ಇಳಿದು ನೋಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತಿತ್ತು ಎಂದರೆ ನೀವು ನಗುತ್ತೀರಿ. ಮಳೆಗಾಲದಲ್ಲಿ ಒಂದು ತಿಂಗಳಿಡೀ ಅದು ನಮ್ಮನ್ನು ಆಡಿಸಿತು, ಅದೂ ನನ್ನಂಥವನನ್ನು ಆಡಿಸಿತು ಎಂದರೆ ಇನ್ನೂ ಜೋರಾಗಿ ನಗುತ್ತೀರಿ. ನಗಿರಿ. ಇದರಲ್ಲಿ ನಾನು ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ತಾಕತ್ತಿದ್ದರೆ ಹಿಡಿಯಿರಿ. ಸಿಗದಿದ್ದರೆ ಕೊನೆಗೆ ನಾನೇ ಹೇಳುತ್ತೇನೆ. ವಯಸ್ಸಾಯಿತು ನೋಡಿ, ಈಗೀಗ ಸುಳ್ಳು ಹೊಟ್ಟೆಯಲ್ಲಿ ಉಳಿದರೆ ಅಜೀರ್ಣವಾಗುತ್ತದೆ.

ಮೊನ್ನೆ ಅಮಾವಾಸ್ಯೆಯ ದಿನ ಹುಕ್ಕೇರಿ ಬಸ್ ಸ್ಟ್ಯಾಂಡಿನ ಹೊರಗೆ ಚಹಾ ಕುಡಿಯುತ್ತ ನಿಂತಿದ್ದೆ. ಎದುರಿಗೆ ಒಬ್ಬ ಟೆಂಪೋದವನು ಗಾಡಿ ತೊಳೆದು, ಭಂಡಾರದ ಅರಿಸಿನ ಹಚ್ಚಿ, ಪೂಜೆ ಮುಗಿಸಿ, ಮುಂದೆ ಒಂದು ಲಿಂಬೆಹಣ್ಣು ಕಟ್ಟಿ, ಗಾಲಿಗಳ ಕೆಳಗೆ ಒಂದೊಂದು ಲಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಟ್ಟ. ಹಣ್ಣು ಪಚಕ್ಕನೆ ಒಡೆದವು. ಆ ಹುಳಿ ವಾಸನೆ ಡೀಸೆಲ್ ಹೊಗೆಯ ಜೊತೆ ಸೇರಿ ಮೂಗಿಗೆ ಬಂದದ್ದೇ ತಡ, ನನ್ನ ಕಿವಿಯಲ್ಲಿ ಆ ಹಾರ್ನು ಮತ್ತೆ ಕೂಗಿತು. ಕೈಯಲ್ಲಿದ್ದ ಚಹಾ ಆರಿಹೋಯಿತು.

ನನ್ನ ಪರಿಚಯ ಮೊದಲು ಮುಗಿಸುತ್ತೇನೆ. ನನ್ನನ್ನು ಹೊಗಳುವ ಕೆಲಸ ಬೇರೆಯವರಿಗೆ ಬಿಟ್ಟರೆ ಅರ್ಧ ಮರೆಯುತ್ತಾರೆ. ಗೋಕಾಕದಲ್ಲಿ ಗಾಡಿಗಳ ವಾಯರಿಂಗ್ ಕೆಲಸ ಮಾಡುತ್ತಲೇ ನನ್ನ ಮೀಸೆ ಬೆಳ್ಳಗಾಯಿತು. ಲಾರಿ, ಟ್ರ್ಯಾಕ್ಟರು, ಜೀಪು, ಬ್ಯಾಂಡಿನವರ ಲೈಟಿನ ಗಾಡಿ, ನಾನು ಬಿಚ್ಚದ ವಾಯರಿಲ್ಲ. ಸೆಲ್ಫ್ ಹೊಡೆದ ಸದ್ದು ಕೇಳಿಯೇ ಬ್ಯಾಟರಿಯ ಆಯುಷ್ಯ ಹೇಳುತ್ತಿದ್ದೆ. ಕೆಲಸಕ್ಕೆ ಎಷ್ಟು ಹೆಸರೋ ಚೇಷ್ಟೆಗೂ ಅಷ್ಟೇ ಹೆಸರು. ನನ್ನ ಅಕ್ಕನ ಮಗಳು ಕಸ್ತೂರಿಯ ಮದುವೆಯಲ್ಲಿ ಮದುಮಗನ ಕಾರಿನ ಬಾಗಿಲು ತೆರೆದಾಗಲೆಲ್ಲ ಹಾರ್ನ್ ಹೊಡೆಯುವಂತೆ ವಾಯರ್ ಜೋಡಿಸಿದ್ದೆ. ಪಾಪ, ಮದುಮಗ ಮಲ್ಲಪ್ಪ ಒಂದು ಕಾಲು ಹೊರಗಿಟ್ಟ, ಕಾರು ಕೂಗಿತು. ಹೆದರಿ ಕಾಲು ಒಳಗೆಳೆದು ಬಾಗಿಲು ಹಾಕಿಕೊಂಡ, ಸುಮ್ಮನಾಯಿತು. ಮತ್ತೆ ತೆರೆದ, ಮತ್ತೆ ಕೂಗಿತು. ಆರತಿ ಹಿಡಿದು ನಿಂತ ಹೆಂಗಸರೆಲ್ಲ ನಕ್ಕು ನಕ್ಕು ದೀಪ ಆರಿಸಿಕೊಂಡರು. ಆ ಮಲ್ಲಪ್ಪ ಇವತ್ತಿಗೂ ನನ್ನ ಎದುರಿಗೆ ಯಾವ ಬಾಗಿಲನ್ನೂ ಸೀದಾ ತೆರೆಯುವುದಿಲ್ಲ.

ಕಸ್ತೂರಿಯ ಅವ್ವ, ನನ್ನ ಅಕ್ಕ, ಬೇಗ ತೀರಿಕೊಂಡಳು. ಹುಡುಗಿ ನನ್ನ ಗ್ಯಾರೇಜಿನಲ್ಲೇ ಅರ್ಧ ಬೆಳೆದಳು. ಈಗ ಗಂಡನ ಊರು ನಾಗನೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಕಬ್ಬಿನ ಸಸಿಗಳ ನರ್ಸರಿ ಇಟ್ಟಿದ್ದಾರೆ. ಮೊದಲೆಲ್ಲ ಕಬ್ಬನ್ನು ತುಂಡು ಮಾಡಿ ಸಾಲಿನಲ್ಲಿ ಹೂಳುತ್ತಿದ್ದರು. ಈಗಿನವರು ಗಿಣ್ಣಿನಲ್ಲಿರುವ ಮೊಳಕೆಯ ಕಣ್ಣನ್ನು ಒಂದೊಂದೇ ಕತ್ತರಿಸಿ, ಪ್ಲಾಸ್ಟಿಕ್ ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಮೊಳೆಸಿ, ಗೇಣುದ್ದ ಸಸಿಯಾದ ಮೇಲೆ ರೈತರಿಗೆ ಒಯ್ದು ಕೊಡುತ್ತಾರೆ. ಹಸಿರು ಬಲೆಯ ನೆರಳಲ್ಲಿ ಬೆಳೆದ ಸಸಿ ಅದು, ಮದುವೆಯಾಗದ ಹುಡುಗಿಯ ಹಾಗೆ ನಾಜೂಕು. ಬೆಳಿಗ್ಗೆ ನೀರು ಹಾಕಿ ಗಾಡಿಗೆ ಏರಿಸಿದರೆ ಬಿಸಿಲೇರುವುದರೊಳಗೆ ಹೊಲ ಸೇರಬೇಕು. ದಾರಿಯಲ್ಲಿ ನಿಂತರೆ ಎಲೆ ಸುರುಳಿ ಸುತ್ತುತ್ತದೆ.

ಸಸಿ ಸಾಗಿಸಲು ಕೊಂಡದ್ದು ಆ ಬಿಳಿ ಪಿಕಪ್. ಎರಡು ಕೈ ದಾಟಿ ಬಂದ ಹಳೆಯ ಗಾಡಿ. ಅದನ್ನು ಆರಿಸಿ ಕೊಟ್ಟವನು ನಾನು, ಕಸ್ತೂರಿಗೆ ಗಾಡಿ ಕಲಿಸಿದವನೂ ನಾನೇ. ಓಡಿಸುವವಳು ಅವಳು. ಮಲ್ಲಪ್ಪ ಸಸಿ ಬೆಳೆಸುವುದರಲ್ಲಿ ಗಟ್ಟಿಗ, ಆದರೆ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತರೂ ಇಲ್ಲದ ಬ್ರೇಕನ್ನು ತುಳಿಯುತ್ತಿರುತ್ತಾನೆ. ಹೆಂಡತಿ ಪಿಕಪ್ ಓಡಿಸುವುದನ್ನು ದಾರಿಯುದ್ದಕ್ಕೂ ಜನ ಕಣ್ಣರಳಿಸಿ ನೋಡುತ್ತಾರೆ, ದೃಷ್ಟಿಯಾಗುತ್ತದೆ ಎಂದು ಅವನ ಚಿಂತೆ. ಅದಕ್ಕೆ ಪ್ರತಿ ಅಮಾವಾಸ್ಯೆಗೂ ಗಾಡಿಯ ಮೈ ತೊಳೆದು, ಭಂಡಾರ ಹಚ್ಚಿ, ರೇಡಿಯೇಟರಿನ ಮುಂದಿನ ಜಾಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಕೆಲಸ ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ನಾಗನೂರಿನ ತಗ್ಗುದಿನ್ನೆಯ ರಸ್ತೆಗೆ ಉದುರಬಾರದೆಂದು ಗಟ್ಟಿಯಾಗಿ ಕಟ್ಟುತ್ತಿದ್ದ.

ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಬಂತು. ಹೊಳೆ ತುಂಬಿತು, ಕಾಲುವೆ ತುಂಬಿತು, ಎಲ್ಲರೂ ಕಬ್ಬು ನೆಡಲು ನಿಂತರು. ಹುಕ್ಕೇರಿ ಕಡೆಯ ಅಪ್ಪಾಸಾಹೇಬ ಎಂಬ ದೊಡ್ಡ ಒಕ್ಕಲಿನವನು ತನ್ನ ಹೊಲಕ್ಕೆಲ್ಲ ಕಸ್ತೂರಿಯ ಸಸಿಯೇ ಬೇಕೆಂದ. ಆ ಹಂಗಾಮಿನಲ್ಲಿ ನರ್ಸರಿಯಲ್ಲಿ ಮೊಳೆತದ್ದೆಲ್ಲ ಅವನೊಬ್ಬನಿಗಾಗಿ. ಅವನು ಬೇಡವೆಂದರೆ ಅಷ್ಟೂ ಸಸಿ ಟ್ರೇಯಲ್ಲೇ ಬಲಿತು ಹಾಳಾಗಬೇಕು.

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ನನ್ನ ಫೋನು ಹೊಡೆದುಕೊಂಡಿತು. ಕಸ್ತೂರಿ.

“ಮಾಮಾ, ಗಾಡಿ ತಾನ ಒದರಿತ್ರಿ.”

“ಯಾವ ಗಾಡಿ ತಾನ ಒದರತೈತಿ? ನಿನ್ನ ಮೊಣಕೈ ತಾಗಿರಬೇಕು.”

“ಒದರಿತು, ಆಮ್ಯಾಲ ಬಂದ್ ಬಿತ್ತು. ನನ್ನ ಮೊಣಕೈ ಎಂಜಿನ್ನೂ ಬಂದ್ ಮಾಡತೈತೇನ್ರಿ?”

ಗೋಕಾಕ ಫಾಲ್ಸಿನ ಹತ್ತಿರ ನಿಂತಿದ್ದಳು. ಕೆಂಪು ನೀರು ಧುಮುಕುವುದನ್ನು ನೋಡಲು ಬಂದವರು ರಸ್ತೆಯ ಅಂಚಿನಲ್ಲಿ ಸುಟ್ಟ ಗೊಂಜಾಳದ ತೆನೆ ತಿನ್ನುತ್ತಿದ್ದರಂತೆ. ಗಾಡಿ ಒಮ್ಮೆಲೇ ಬಾಯಿ ಬಿಟ್ಟಾಗ ಒಬ್ಬ ಹೆದರಿ ತೆನೆಯನ್ನು ಹೆಂಡತಿಯ ಸೆರಗಿಗೆ ಎಸೆದನಂತೆ. ನಾನು ಬೈಕ್ ಹತ್ತಿ ಅಲ್ಲಿಗೆ ಹೋದೆ. ಚಾವಿ ತಿರುಗಿಸಿದೆ. ಗಾಡಿ ಶಾಲೆಗೆ ಹೊಸದಾಗಿ ಸೇರಿದ ಮಗುವಿನಷ್ಟು ಸುಶೀಲವಾಗಿ ಚಾಲೂ ಆಯಿತು. ಹಾರ್ನ್ ಒತ್ತಿದರೆ ಕೂಗಿತು, ಬಿಟ್ಟರೆ ಸುಮ್ಮನಾಯಿತು.

ವಾಯರಿಂಗ್ ಕೆಲಸದಲ್ಲಿ ಇಷ್ಟು ಕಷ್ಟದ ರೋಗ ಇನ್ನೊಂದಿಲ್ಲ. ಪೂರ್ತಿ ಕೆಟ್ಟದ್ದನ್ನು ಯಾರಾದರೂ ದುರಸ್ತಿ ಮಾಡುತ್ತಾರೆ. ಒಮ್ಮೆ ಕೆಟ್ಟು ಒಮ್ಮೆ ನೆಟ್ಟಗಿರುವುದನ್ನು ಹಿಡಿಯುವುದು ಹೇಗೆ? ದವಾಖಾನೆಯ ಮೆಟ್ಟಿಲು ಹತ್ತಿದ ಕೂಡಲೇ ಜ್ವರ ಇಳಿದ ಹಾಗೆ. ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿ ಮಾಡಿದೆ. ಅರ್ಥಿಂಗ್ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಕೂರಿಸಿದೆ. ಹತ್ತರಲ್ಲಿ ಒಂಬತ್ತು ಸಲ ರೋಗ ಇಲ್ಲೇ ಇರುತ್ತದೆ. ಗೋಕಾಕದ ಪೇಟೆಯಲ್ಲೆಲ್ಲ ಗಾಡಿ ಓಡಿಸಿ, ಗೆದ್ದೆನೆಂದು ಸಾರಿ, ಎಲ್ಲರಿಂದ ಚಹಾ ಕುಡಿದೆ.

ಮರುದಿನ ಘಟಪ್ರಭಾ ದಾಟುವುದರೊಳಗೆ ಗಾಡಿ ಮತ್ತೆ ಕೂಗಿ ನಿಂತಿತು. ಚಾಲೂ ಮಾಡಿದರೆ ಸ್ವಲ್ಪ ದೂರ ಓಡುವುದು, ತಗ್ಗು ಬಂದರೆ ಮತ್ತೆ ಕೂಗಿ ನಿಲ್ಲುವುದು. ಹಿಂದೆ ಬಂದ ಲಾರಿಯೊಂದು ಇನ್ನೇನು ತಾಗುವುದರಲ್ಲಿತ್ತು. ಕಸ್ತೂರಿ ಹೆದರಿ ಗಾಡಿಯನ್ನು ಅಲ್ಲೇ ಒಂದು ಗ್ಯಾರೇಜಿಗೆ ತಿರುಗಿಸಿದಳು. ಅವರು ಅರ್ಧ ದಿನ ಹುಡುಕಿದರು. ಮಳೆ ಬಿಟ್ಟು ಬಿಸಿಲು ಚುರುಗುಟ್ಟುತ್ತಿತ್ತು. ಸಸಿ ಹುಕ್ಕೇರಿ ಮುಟ್ಟುವಷ್ಟರಲ್ಲಿ ಎಲೆಯ ತುದಿಯೆಲ್ಲ ಸುರುಟಿತ್ತು. ಅಪ್ಪಾಸಾಹೇಬ ಒಂದು ಎಲೆ ಕಿತ್ತು, ಬೆರಳಿಗೆ ಸುತ್ತಿ, ಮತ್ತೆ ಬಿಚ್ಚಿ ತೋರಿಸಿದನಂತೆ. ಅವನು ಬೈದಿದ್ದರೇ ಚೆನ್ನಾಗಿತ್ತು ಎಂದಳು ಕಸ್ತೂರಿ.

ನಾನು ಬ್ಯಾಟರಿಯನ್ನೇ ಬದಲಿಸಿದೆ. ಆಮೇಲೆ ಅಲ್ಟರ್ನೇಟರ್ ಬಿಚ್ಚಿದೆ. ಆಷಾಢದ ಗಾಳಿ ಜೋರಾಯಿತು, ಗಾಡಿಯ ಕಾಟ ಕಡಿಮೆಯಾಯಿತು. ತಿಂಗಳ ಕೊನೆಯ ವಾರಗಳಲ್ಲಿ ಒಂದು ಸಲವೂ ಕೂಗಲಿಲ್ಲ. ನಾನು ಎದೆಯುಬ್ಬಿಸಿ ತಿರುಗಿದೆ. ರೋಗ ಅಲ್ಟರ್ನೇಟರಿನಲ್ಲಿತ್ತು, ಈ ಊರಲ್ಲಿ ಅದು ನನ್ನೊಬ್ಬನ ಕಣ್ಣಿಗೆ ಮಾತ್ರ ಬೀಳುವಂಥದ್ದು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ನಾಗರ ಅಮಾವಾಸ್ಯೆ ಬಂತು. ಮರುದಿನವೇ ಗಾಡಿ ನಾಗನೂರಿನ ಬಸವಣ್ಣನ ಗುಡಿಯ ಮುಂದೆ, ಊರ ಹಿರಿಯರೆಲ್ಲ ಕಟ್ಟೆಯ ಮೇಲೆ ಕೂತಿರುವಾಗ, ದನದ ಹಾಗೆ ಒದರಿ ಬಂದ್ ಬಿತ್ತು.

ಸುದ್ದಿ ತಿಳಿದು ನಾನು ನಾಗನೂರಿಗೆ ಹೋದೆ. ಬಾಗಿಲಲ್ಲೇ ಮಲ್ಲಪ್ಪ.

“ಮಾಮಾ, ಸಿಟ್ಟಾಗಬ್ಯಾಡ್ರಿ. ಒಂದ್ ಮಾತ ಕೇಳ್ತೇನಿ. ನಮ್ಮ ಲಗ್ನದ ಕಾರಿನ್ಯಾಗ ಮಾಡಿದ್ರೆಲ್ಲ…”

“ಏನಪಾ?”

“ಹಂಗ ಇದ್ರಾಗೂ ಏನರೆ ಜೋಡಿಸೀರೇನು?”

ನಾನು ಹೋ ಎಂದು ನಕ್ಕೆ. ಒಳಗಿನಿಂದ ಕಸ್ತೂರಿ ಬಂದಳು. ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಟ್ರೇ ಹೊತ್ತು ಮಣ್ಣಾದ ಕೈಯನ್ನು ಸೆರಗಿಗೆ ಒರೆಸುತ್ತ ನನ್ನ ಮುಖವನ್ನೇ ನೋಡಿದಳು.

“ಖರೆ ಹೇಳ್ರಿ ಮಾಮಾ. ನೀವ ಮಾಡಿದ್ರ ಈಗ ಬಿಚ್ಚಿಬಿಡ್ರಿ. ನಾ ಯಾರಿಗೂ ಹೇಳೂದಿಲ್ಲ. ಅಪ್ಪಾಸಾಹೇಬ ಫೋನ್ ಮಾಡಿದ್ರು. ಸೋಮವಾರ ಸಸಿ ತಾಜಾ ಬಂದ್ರ ಸರಿ, ಇಲ್ಲಾಂದ್ರ ಬ್ಯಾರೆ ನರ್ಸರಿ ನೋಡ್ಕೊಂತೇನಿ ಅಂದಾರ. ಇವರ ಅಣ್ಣ ಗಾಡಿ ಮಾರಿಬಿಡ್ರಿ, ಹೆಣ್ಣಮಗಳಿಗೆ ಇದೆಲ್ಲಾ ಯಾಕ ಅನ್ನಾಕತ್ತಾನ.”

“ಕಸ್ತೂರಿ, ನಿನ್ನ ಅವ್ವನ ಆಣಿ. ನಾ ಏನೂ ಮಾಡಿಲ್ಲ.”

“ಲಗ್ನದಾಗೂ ಅವ್ವನ ಆಣಿನ ಮಾಡಿದ್ರಿ” ಎಂದಳು.

ನಿಜ. ಮಾಡಿದ್ದೆ. ಜನ್ಮವಿಡೀ ಎಲ್ಲರನ್ನೂ ನಗಿಸಿದ ಸಂಪಾದನೆ ಇದು: ಒಂದು ಖರೆ ಮಾತು ಹೇಳಿದ ದಿನ ಕೇಳುವವರಿಲ್ಲ. ಅವಳ ಕೈಯಿಂದ ಗಾಡಿ ಹೋದರೆ ಅದರ ಜೊತೆ ನಾನೂ ಹೋದ ಹಾಗೆಯೇ. ಆರಿಸಿಕೊಟ್ಟವನು ನಾನು. ಕೆಡಿಸಿದವನೂ ನಾನೇ ಎಂದು ಅವಳ ಮನಸ್ಸಿನ ಮೂಲೆಯಲ್ಲಿ ಉಳಿದುಬಿಡುತ್ತದೆ.

ಭಾನುವಾರ ಗಾಡಿಯನ್ನು ಮೂಡಲಗಿಗೆ ಒಯ್ದೆವು. ಅಲ್ಲಿ ದಸ್ತಗೀರನ ಅಂಗಡಿ. ನನ್ನ ಕೈಕೆಳಗೆ ಕಲಿತವನು, ಈಗ ಅವನ ಗಡ್ಡವೂ ಬಿಳಿ. ನಾನು ಇನ್ನೊಬ್ಬ ಮಿಸ್ತ್ರಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ದಸ್ತಗೀರ ಬಿಡುತ್ತಾನೆಯೇ?

“ಉಸ್ತಾದ, ದಾರಿ ತಪ್ಪಿ ಬಂದಿರೇನು? ಗೋಕಾಕದಾಗ ಮಿಸ್ತ್ರಿ ಯಾರೂ ಉಳದಿಲ್ಲ?”

“ಲೇ, ನಿನ್ನ ಪರೀಕ್ಷಾ ಮಾಡಾಕ ಬಂದೇನಿ. ನಾ ಉತ್ತರ ಕಂಡ ಮ್ಯಾಲ ಬಂದೇನಿ.”

“ಹಂಗಾದ್ರ ಹೇಳ್ರಿ, ಏನೈತಿ ಉತ್ತರ?”

“ಹೇಳಿಬಿಟ್ರ ಪರೀಕ್ಷಾ ಹೆಂಗಾಗತೈತಿ?”

ಅವನು ನಗುತ್ತ ಫ್ಯೂಜಿನ ಡಬ್ಬಿ ತೆರೆದ, ನಗು ನಿಲ್ಲಿಸಿದ. ಒಂದು ಫ್ಯೂಜಿನ ಜಾಗದಲ್ಲಿ ಫ್ಯೂಜೇ ಇರಲಿಲ್ಲ. ಹಳೆಯ ಮಾಲೀಕನ ಕಾಲದಲ್ಲಿ ಯಾರೋ ತಾಮ್ರದ ತಂತಿ ಸುತ್ತಿ ಕೂರಿಸಿದ್ದರು. ಹಾರ್ನಿಗೂ, ಎಂಜಿನಿಗೆ ಡೀಸೆಲ್ ಬಿಡುವ ಬಾಗಿಲಿಗೂ ಅದೊಂದೇ ದಾರಿಯಲ್ಲಿ ಕರೆಂಟು ಹೋಗುತ್ತಿತ್ತು. ಆ ಬಾಗಿಲನ್ನು ಕರೆಂಟೇ ತೆರೆದು ಹಿಡಿದಿರುತ್ತದೆ. ಒಂದು ಕ್ಷಣ ಕರೆಂಟು ಕುಗ್ಗಿದರೂ ಬಾಗಿಲು ಮುಚ್ಚಿ ಎಂಜಿನ್ ಬಂದ್. ಅಂದರೆ ಎಲ್ಲೋ ಒಂದು ವಾಯರು ಗಾಡಿಯ ಮೈಗೆ ತಾಗಿ ಶಾರ್ಟ್ ಆಗುತ್ತಿದೆ. ಸರಿಯಾದ ಫ್ಯೂಜ್ ಇದ್ದಿದ್ದರೆ ಸುಟ್ಟು ಹೇಳುತ್ತಿತ್ತು, ತಂತಿ ಸುಮ್ಮನೆ ನುಂಗಿಕೊಂಡು ಕೂತಿದೆ. ಹಾಗಾದರೆ ಬ್ಯಾಟರಿ, ಅಲ್ಟರ್ನೇಟರ್ ಎಲ್ಲ ನಾನು ವೃಥಾ ಬಿಚ್ಚಿದ್ದು. ಈ ಡಬ್ಬಿಯನ್ನು ನಾನೂ ತೆರೆದಿದ್ದೆ, ತಂತಿ ಕಣ್ಣಿಗೆ ಬಿದ್ದಿರಲಿಲ್ಲ. ದಸ್ತಗೀರ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ.

ಮುಂದಿನ ಉಪಾಯ ಮಾತ್ರ ನನ್ನದು, ಇದನ್ನು ಯಾರೂ ಕಸಿಯುವಂತಿಲ್ಲ. ಆ ತಂತಿ ಕಿತ್ತು, ಫ್ಯೂಜಿನ ಜಾಗಕ್ಕೆ ಎರಡು ವಾಯರು ಕೊಟ್ಟು, ನಡುವೆ ಒಂದು ಹೆಡ್‌ಲೈಟಿನ ಬಲ್ಬು ಜೋಡಿಸಿ ಕನ್ನಡಿಯ ಹತ್ತಿರ ತೂಗುಬಿಟ್ಟೆ. ಎಲ್ಲ ಸರಿಯಿದ್ದರೆ ಬಲ್ಬು ಮಿಣುಕುತ್ತದೆ ಅಷ್ಟೇ. ಎಲ್ಲಾದರೂ ಶಾರ್ಟ್ ಆಯಿತೋ, ಝಗ್ಗೆಂದು ಉರಿಯುತ್ತದೆ. ಕಳ್ಳ ಮನೆ ಹೊಕ್ಕ ಕೂಡಲೇ ದೀಪ ಹತ್ತಿದ ಹಾಗೆ.

ಕಸ್ತೂರಿ ಮೂಡಲಗಿಯ ಬೀದಿಯಲ್ಲಿ ಗಾಡಿ ಓಡಿಸಿದಳು. ರಸ್ತೆಯ ಮೊದಲ ಉಬ್ಬಿಗೇ ಬಲ್ಬು ಝಗ್ಗೆಂದಿತು, ಎಂಜಿನ್ ಬಂದ್. ನಿಲ್ಲಿಸಿ ಚಾಲೂ ಮಾಡಿದರೆ ಮತ್ತೆ ಮಿಣಮಿಣ. ಅಂಗಡಿಯ ಮುಂದೆ ತಂದು, ಎಂಜಿನ್ ಓಡುತ್ತಿರುವಾಗಲೇ ನಾನೂ ದಸ್ತಗೀರನೂ ಒಂದೊಂದು ವಾಯರಿನ ಕಟ್ಟನ್ನೂ ಅಲುಗಿಸಿದೆವು. ಸ್ಟೇರಿಂಗಿನ ಕೆಳಗೆ, ಎಂಜಿನ್ನಿನ ಬದಿಗೆ, ಚಾಸಿಯ ಉದ್ದಕ್ಕೂ, ಹಿಂದಿನ ಲೈಟಿನ ತನಕ. ಕೋಲಿನಿಂದ ಬಡಿದೆವು. ಗಾಡಿಯ ಹಿಂಬದಿಗೆ ಹತ್ತಿ ಕುಣಿದೆ, ಈ ವಯಸ್ಸಿನಲ್ಲಿ. ಬಲ್ಬು ಮಿಣುಕುತ್ತಲೇ ಇತ್ತು, ನಮ್ಮನ್ನು ನೋಡಿ ಕಣ್ಣು ಹೊಡೆದ ಹಾಗೆ.

ಹೊತ್ತು ಇಳಿಯತೊಡಗಿತು. ಬೆಳಗಾದರೆ ಸೋಮವಾರ. ಕಸ್ತೂರಿ ಸ್ಟೇರಿಂಗಿನ ಮೇಲೆ ಗದ್ದ ಊರಿ ಕೂತಿದ್ದಳು.

“ಮಾಮಾ, ಒಂದು ಮಾತು. ಅಮಾಸಿ ಆದ ಮ್ಯಾಲನ ಇದರ ಕಾಟ ಜಾಸ್ತಿ. ಆಮ್ಯಾಲ ಕಮ್ಮಿ ಆಗತೈತಿ. ಹೋದ ಸಲಾನೂ ಹಂಗ ಆತು.”

ಮಲ್ಲಪ್ಪ ತಟ್ಟನೆ ಎದ್ದು ನಿಂತ. “ನಾ ಮೊದಲಿಂದ ಹೇಳಾಕತ್ತೇನಿ! ಇದು ವಾಯರಿನ ರೋಗ ಅಲ್ಲ. ದೃಷ್ಟಿ. ಅದಕ್ಕ ಈ ಸಲ ಒಂದ ಹಣ್ಣ ಕಟ್ಟಿಲ್ಲ ನಾ, ಮಾಲೀನ ಕಟ್ಟೇನಿ.”

ಹೌದು, ಈ ಸಲ ಮುಂದಿನ ಜಾಲಿಗೆ ಒಂದು ಹಣ್ಣಿನ ಬದಲು ದಪ್ಪ ದಪ್ಪ ಲಿಂಬೆಹಣ್ಣುಗಳ ಸರ, ನಡುನಡುವೆ ಮೆಣಸಿನಕಾಯಿ, ಮದುಮಗನ ಕೊರಳಿನ ಹಾರದಂತೆ ಜೋತಾಡುತ್ತಿತ್ತು. ನನಗೆ ದಣಿವು, ಹಸಿವು, ಮೇಲಿಂದ ಸಿಟ್ಟು. ಇಂಥ ಹೊತ್ತಿನಲ್ಲಿ ಬೇರೆಯವರು ಬೈಯುತ್ತಾರೆ. ನನಗೆ ಚೇಷ್ಟೆ ಬರುತ್ತದೆ.

“ದಸ್ತಗೀರ, ಒಂದ್ ತಂಬಗಿ ನೀರು, ಸಕ್ಕರಿ ತಗೊಂಡ ಬಾ. ಮಲ್ಲಪ್ಪ ಇಷ್ಟ ಲಿಂಬಿಹಣ್ಣು ಕಟ್ಟ್ಯಾನ, ಎಲ್ಲಾರೂ ಶರಬತ್ತ ಕುಡಿಯೂಣು.” ಹೀಗೆಂದು ಹೋಗಿ ಒಂದು ಹಣ್ಣಿಗೆ ಕೈ ಹಾಕಿದೆ.

“ಮಾಮಾ, ಮುಟ್ಟಬ್ಯಾಡ್ರಿ! ದೃಷ್ಟೀದು ಅದು!”

ಮುಟ್ಟಬಾರದು ಎಂದರೆ ನನ್ನ ಕೈ ಕೇಳಬೇಕಲ್ಲ. ಜಗ್ಗಿದೆ.

ಹಾರ್ನು ಅರ್ಧ ಗಂಟಲಿನಲ್ಲಿ ಗೊರ್ ಎಂದಿತು. ಬಲ್ಬು ಝಗ್ಗೆಂದಿತು. ಎಂಜಿನ್ ಬಂದ್.

“ಮಾಮಾ, ಸಾಕ್ ಮಾಡ್ರಿ ನಿಮ್ಮ ಚ್ಯಾಷ್ಟಿ!” ಕಸ್ತೂರಿ ಒಳಗಿನಿಂದ ಕೂಗಿದಳು. ನಾನು ಎರಡೂ ಕೈ ಮೇಲೆತ್ತಿ ಕಲ್ಲಿನಂತೆ ನಿಂತೆ. ಜನ್ಮದಲ್ಲಿ ಒಂದೇ ಸಲ ನಾನು ವಾಯರ್ ಜೋಡಿಸದೆಯೇ ಚೇಷ್ಟೆಯಾಗಿತ್ತು.

“ನಾ ಅಲ್ಲ. ಹಣ್ಣು. ಹಣ್ಣು ಜಗ್ಗಿದೆ ಅಷ್ಟ.”

ಅವಳು ಇಳಿದು ಬಂದಳು. ನನ್ನ ಅಂಗೈ ತಿರುಗಿಸಿ ನೋಡಿದಳು. ಅಂಗಿಯ ಕಿಸೆ ತಡವಿದಳು. ನನ್ನ ಗ್ಯಾರೇಜಿನಲ್ಲಿ ಬೆಳೆದ ಹುಡುಗಿ, ನನ್ನನ್ನು ಬಲ್ಲವಳು. ಆಮೇಲೆ ರಸ್ತೆಯ ಆಚೆ ಬಾಜೂ ಬೆರಳು ತೋರಿಸಿದಳು.

“ಅಲ್ಲಿ ಹೋಗಿ ನಿಂದರ್ರಿ. ಕೈ ಮ್ಯಾಲ ಇರಲಿ.”

ಮೂಡಲಗಿಯ ನಡುಬೀದಿಯಲ್ಲಿ, ಚಹಾದ ಅಂಗಡಿಯ ಮುಂದೆ, ಪೊಲೀಸರು ಹಿಡಿದ ಕಳ್ಳನ ಹಾಗೆ ಎರಡೂ ಕೈ ಮೇಲೆತ್ತಿ ನಾನು ನಿಂತೆ. ಜನ ಸೇರಿದರು. ದಸ್ತಗೀರ ಎಂಜಿನ್ ಚಾಲೂ ಮಾಡಿದ. ಮಲ್ಲಪ್ಪ ಕಣ್ಣು ಮುಚ್ಚಿ ಏನೋ ಮಣಮಣ ಅನ್ನುತ್ತಿದ್ದ. ಕಸ್ತೂರಿ ಕೈ ಚಾಚಿ ಲಿಂಬೆಹಣ್ಣನ್ನು ಹಿಡಿದು ಮೆಲ್ಲಗೆ ಜಗ್ಗಿದಳು.

ಗೊರ್. ಝಗ್. ಬಂದ್.

ಅವಳು ತಿರುಗಿ ರಸ್ತೆಯ ಆಚೆ ನಿಂತ ನನ್ನನ್ನು ನೋಡಿದಳು. “ನೀವಲ್ಲ” ಅಂದಳು. ಅಷ್ಟೇ. ಗದ್ದಲದಲ್ಲಿ ಆ ಮಾತು ನನಗೆ ಕೇಳಿಸಲಿಲ್ಲ, ತುಟಿ ಆಡಿದ್ದು ಕಾಣಿಸಿತು. ಕೈ ಇಳಿಸಬೇಕೆಂಬುದೂ ಮರೆತುಹೋಯಿತು.

ಜಾಲಿ ಬಿಚ್ಚಿದೆವು. ಹಿಂದೆ ಒಂದು ಮುಷ್ಟಿ ಗಾತ್ರದ ತಂತಿಯ ಗಂಟು. ದಸ್ತಗೀರ ಬಗ್ಗಿ ನೋಡಿ, “ಉಸ್ತಾದ, ಇದು ವಾಯರಿಂಗ್ ಅಲ್ರಿ, ಕಾಗಿ ಗೂಡು” ಅಂದ. ಮಲ್ಲಪ್ಪ ಲಿಂಬೆಹಣ್ಣನ್ನು ದಾರದಿಂದ ಕಟ್ಟಿದರೆ ತಗ್ಗಿಗೆ ಹರಿಯುತ್ತದೆಂದು ಮನೆ ಕಟ್ಟುವವರು ಸರಳು ಬಿಗಿಯುವ ಕಬ್ಬಿಣದ ತಂತಿಯಿಂದ ಕಟ್ಟುತ್ತಿದ್ದ. ಪ್ರತಿ ಅಮಾವಾಸ್ಯೆಗೂ ಹಳೆಯ ಹಣ್ಣು ಕಿತ್ತು ಮೂರು ದಾರಿ ಕೂಡುವಲ್ಲಿ ಬಿಸಾಡುತ್ತಿದ್ದ, ತಂತಿಯನ್ನು ಅಲ್ಲೇ ಬಿಟ್ಟು ಅದರ ಮೇಲೆ ಹೊಸ ತಂತಿ ಸುತ್ತುತ್ತಿದ್ದ. ಜಾಲಿಯ ಹಿಂದೆ ಬೆರಳು ಹಾಕಿದಾಗ ಕೈಗೆ ಸಿಕ್ಕ ಗಟ್ಟಿ ಹಗ್ಗದಂಥದ್ದಕ್ಕೆ ಬಿಗಿದಿದ್ದ. ಆ ಹಗ್ಗ ಹಾರ್ನಿಗೆ ಹೋಗುವ ವಾಯರುಗಳ ಕಟ್ಟು. ತಾಜಾ ಹಣ್ಣು ಭಾರ. ಗಾಡಿ ಕುಲುಕಿದಾಗ ಜೋತಾಡಿ ತಂತಿಯನ್ನು ಜಗ್ಗುತ್ತಿತ್ತು. ತಂತಿ ಗರಗಸದ ಹಾಗೆ ವಾಯರಿನ ರಬ್ಬರು ಕೊಯ್ದು ಒಳಗಿನ ತಾಮ್ರಕ್ಕೆ ಹಲ್ಲು ಊರಿತ್ತು. ಒಂದು ವಾಯರಿಗೆ ತಾಗಿದರೆ ಹಾರ್ನ್, ಪಕ್ಕದ್ದಕ್ಕೆ ತಾಗಿದರೆ ಎಂಜಿನ್ ಬಂದ್. ನಿಂತ ಗಾಡಿಯಲ್ಲಿ ಹಣ್ಣೂ ನಿಲ್ಲುತ್ತದೆ, ರೋಗವೂ ಇಲ್ಲ. ದಿನ ಕಳೆದಂತೆ ಹಣ್ಣು ಒಣಗಿ ಹಗುರಾಗುತ್ತದೆ, ತಿಂಗಳ ಕೊನೆಗೆ ಪೂರ್ತಿ ವಾಸಿ. ನನ್ನ ಅಲ್ಟರ್ನೇಟರಿನ ಗೆಲುವು ಇದೇ. ಆಮೇಲೆ ಅಮಾವಾಸ್ಯೆ, ಹೊಸ ಹಣ್ಣು, ಹೊಸ ಕಾಟ. ಕಾಟ ಹೆಚ್ಚಾದಷ್ಟೂ ಮಲ್ಲಪ್ಪ ಹೆಚ್ಚು ಹಣ್ಣು ಕಟ್ಟಿದ, ಹಣ್ಣು ಹೆಚ್ಚಿದಷ್ಟೂ ಕಾಟ ಹೆಚ್ಚಿತು.

ಇದನ್ನು ಯಾಕೆ ಯಾರೂ ಕಾಣಲಿಲ್ಲ ಗೊತ್ತೇ? ಗೋಕಾಕ, ಘಟಪ್ರಭಾ, ಮೂಡಲಗಿ, ಎಷ್ಟು ಕೈಗಳು ಆ ಗಾಡಿಯನ್ನು ತಡವಿದವು! ಎಲ್ಲವನ್ನೂ ಅಲುಗಿಸಿದೆವು, ಅದೊಂದನ್ನು ಬಿಟ್ಟು. ಇನ್ನೊಬ್ಬರ ದೃಷ್ಟಿಗೆ ಕಟ್ಟಿದ ಲಿಂಬೆಹಣ್ಣನ್ನು ನಮ್ಮ ಕಡೆ ಯಾವ ಮಿಸ್ತ್ರಿಯೂ ಮುಟ್ಟುವುದಿಲ್ಲ. ಗಾಡಿಯಲ್ಲಿ ಕೈ ಹೋಗದ ಜಾಗ ಅದೊಂದೇ, ರೋಗ ಕೂತದ್ದೂ ಅಲ್ಲೇ. ಮರ್ಯಾದೆಯುಳ್ಳವರಿಂದ ಆಗದ ಕೆಲಸ ಅದು. ನನ್ನಂಥ ಉಡಾಳನೇ ಬೇಕಿತ್ತು.

ಮಲ್ಲಪ್ಪನ ಮುಖ ನೋಡುವಂತಿರಲಿಲ್ಲ.

“ದಾರ ಹರೀತಿತ್ರಿ… ಅದಕ್ಕ ತಂತೀಲೆ ಕಟ್ಟೇನಿ.”

ಕಸ್ತೂರಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ನನ್ನ ದೃಷ್ಟಿ ತಗ್ಯಾಕ ಹೋಗಿ ಗಾಡಿ ಕುತಗಿ ಹಿಸುಕೀರೆಲ್ಲರಿ!”

“ನೀ ಫಾಲ್ಸಿನ ಇಳಿಜಾರಿನ್ಯಾಗ ಹೊಂಟಾಗ ನನಗ ಮನ್ಯಾಗ ಅನ್ನ ಇಳಿಯೂದಿಲ್ಲ” ಎಂದ ಅವನು ನೆಲ ನೋಡುತ್ತ. “ಏನರೆ ಮಾಡಬೇಕಲ್ಲ ನಾ.”

ಅವಳ ಕೈ ಸೊಂಟದಿಂದ ಇಳಿಯಿತು. ಕೊನೆಗೆ ದಸ್ತಗೀರನೇ, “ಶರಬತ್ತ ಮಾಡೂದೋ ಬ್ಯಾಡೋ?” ಎಂದ. ಎಲ್ಲರಿಗಿಂತ ಮೊದಲು ನಕ್ಕವನು ಮಲ್ಲಪ್ಪ. ನಕ್ಕು ನಕ್ಕು ಅಲ್ಲೇ ಗಾಲಿಯ ಪಕ್ಕ ಕೂತುಬಿಟ್ಟ.

ಕೊಯ್ದ ವಾಯರು ತೆಗೆದು ಹೊಸದು ಹಾಕಿ, ಟೇಪು ಸುತ್ತಿ, ಫ್ಯೂಜಿನ ಜಾಗಕ್ಕೆ ಫ್ಯೂಜು ಹಾಕಿದೆವು. ಲಿಂಬೆಹಣ್ಣು ಕಟ್ಟುವುದು ಬೇಡವೆಂದು ನಾನು ಅನ್ನಲಿಲ್ಲ. “ಕಟ್ಟಪಾ, ಆದ್ರ ಬಂಪರಿಗೆ ಕಟ್ಟು, ದಾರದಿಂದ ಕಟ್ಟು” ಎಂದೆ. ಕಟ್ಟಿದ. ಒಂದೇ ಒಂದು.

ಸೋಮವಾರ ಬೆಳಿಗ್ಗೆ ನಾಗನೂರಿನಿಂದ ಹೊರಟೆವು. ಹಿಂದೆ ಟ್ರೇಗಳ ತುಂಬ ಎಳೆಹಸಿರು. ಸ್ಟೇರಿಂಗಿನಲ್ಲಿ ಕಸ್ತೂರಿ, ಬಾಗಿಲ ಬದಿ ನಾನು, ನಡುವೆ ಮಲ್ಲಪ್ಪ, ಇಲ್ಲದ ಬ್ರೇಕನ್ನು ತುಳಿಯುತ್ತ. ಪ್ರತಿ ತಗ್ಗಿಗೂ ಮೂವರೂ ಉಸಿರು ಹಿಡಿಯುತ್ತಿದ್ದೆವು. ಗೋಕಾಕ ದಾಟಿತು. ಫಾಲ್ಸಿನ ಹತ್ತಿರ ಹಳೆಯ ಮಿಲ್ಲಿನ ಗೋಡೆ ಕಂಡಿತು, ನೀರಿನ ಮೊರೆತ ಕೇಳಿತು, ಗಾಡಿ ಮಾತ್ರ ತುಟಿ ಬಿಚ್ಚಲಿಲ್ಲ. ಘಟಪ್ರಭಾದಲ್ಲಿ ಒಂದು ದೊಡ್ಡ ತಗ್ಗಿಗೆ ಗಾಡಿ ದಡಕ್ಕೆಂದಾಗ ಎಲ್ಲೋ ಹಾರ್ನ್ ಕೂಗಿತು. ಮಲ್ಲಪ್ಪ ನನ್ನ ತೊಡೆಯನ್ನು ಗಬಕ್ಕನೆ ಹಿಡಿದ. ಹಿಂದೆ ಬಂದ ಬಸ್ಸಿನದು ಅದು. ಕಸ್ತೂರಿ ನಗತೊಡಗಿದಳು. ಹುಕ್ಕೇರಿಯ ತನಕ ನಗುತ್ತಲೇ ಇದ್ದಳು. ಚಿಕ್ಕಂದಿನಲ್ಲಿ ನನ್ನ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ನಗುತ್ತಿದ್ದಳಲ್ಲ, ಅದೇ ನಗು.

ಅಪ್ಪಾಸಾಹೇಬ ಹೊಲದ ಬದುವಿನಲ್ಲೇ ನಿಂತಿದ್ದ. ಗಾಡಿ ಹತ್ತಿದ. ಒಂದು ಟ್ರೇಯಲ್ಲಿ ಬೆರಳು ಊರಿ ಹಸಿ ನೋಡಿದ, ಒಂದು ಎಲೆ ಬಗ್ಗಿಸಿ ಬಿಟ್ಟ. ಎಲೆ ಟಪ್ಪನೆ ನೆಟ್ಟಗಾಯಿತು.

“ಇಂಥಾ ಬಿರು ಬಿಸಲಾಗ ಬಂದ್ರೂ ಒಂದ ಎಲಿ ಬಾಡಿಲ್ಲಲ್ಲವಾ! ಗಾಡಿ ಯಾರ ದುರಸ್ತಿ ಮಾಡಿದ್ರು?”

“ನಮ್ಮ ಮಾಮಾರಿ” ಎಂದಳು ಕಸ್ತೂರಿ. “ನಮ್ಮ ಮಾಮಾನ ಹುಡುಕಿದ್ರು. ಅವರ ಕೈಯಾಗ ಆಗದಿದ್ದದ್ದು ಯಾವುದೂ ಇಲ್ಲ.”

ಅಷ್ಟರಲ್ಲಿ ಎಲ್ಲಿಂದಲೋ ಒಂದು ತೆಳುವಾದ ಮಳೆ ಬಂತು. ಬಿಸಿಲೂ ಮಳೆಯೂ ಒಟ್ಟಿಗೆ, ನಮ್ಮ ಶ್ರಾವಣದಲ್ಲಿ ಹಾಗಾಗುವುದುಂಟು. ನನ್ನ ಕನ್ನಡಕದ ಮೇಲೆಲ್ಲ ಹನಿ ಕೂತು ಏನೂ ಕಾಣದಾಯಿತು. ತೆಗೆದು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡೆ, ಮತ್ತೆ ಮಂಜಾಯಿತು, ಮತ್ತೆ ಒರೆಸಿದೆ. ಜನ ಟ್ರೇ ಇಳಿಸುತ್ತಿದ್ದರು. ನಾನು ಗಾಡಿಯ ಮುಂದೆ ಹೋಗಿ, ಬಂಪರಿನ ಲಿಂಬೆಹಣ್ಣನ್ನು ಸುಮ್ಮನೆ ಒಮ್ಮೆ ಜಗ್ಗಿ ನೋಡಿದೆ.

ಮೊನ್ನೆ ಬಸ್ ಸ್ಟ್ಯಾಂಡಿನ ಹತ್ತಿರ ಆ ಟೆಂಪೋದವನ ಲಿಂಬೆಹಣ್ಣನ್ನೂ ಹಾಗೆಯೇ ಹೋಗಿ ಜಗ್ಗಿದೆ. ದಾರ ಇತ್ತು. ಬೈದ ಅವನು. ಬೈಗುಳ ಕೇಳುತ್ತ ಹಾಯಾಗಿ ಇನ್ನೊಂದು ಚಹಾ ಹೇಳಿದೆ. ಆ ಬಿಳಿ ಪಿಕಪ್ ಇನ್ನೂ ಓಡುತ್ತಿದೆ. ಕಸ್ತೂರಿಯೇ ಓಡಿಸುತ್ತಾಳೆ. ನನ್ನ ಆಣೆಗಳನ್ನು ಈಗಲೂ ನಂಬುವುದಿಲ್ಲ, ಆದರೆ ಗಾಡಿ ಕೆಮ್ಮಿದರೆ ಮೊದಲ ಫೋನು ನನಗೇ.

ಸರಿ, ಆ ಒಂದು ಸುಳ್ಳು. ಹಾರ್ನ್ ತಾನೇ ಕೂಗಿದ್ದು ಎಂದುಕೊಂಡಿರಾ? ಖರೆ. ಲಿಂಬೆಹಣ್ಣು? ಖರೆ, ಆ ತಂತಿಯ ಗಂಟನ್ನು ದಸ್ತಗೀರ ಇನ್ನೂ ಅಂಗಡಿಯಲ್ಲಿ ತೂಗುಹಾಕಿದ್ದಾನೆ. ಮದುಮಗನ ಕಾರು? ಮಲ್ಲಪ್ಪ ಬಾಗಿಲು ತೆರೆಯುವುದನ್ನು ಹೋಗಿ ನೋಡಿ. ನಡುಬೀದಿಯಲ್ಲಿ ಕೈಯೆತ್ತಿ ನಿಂತದ್ದೂ ಖರೆಯೇ. ಕನ್ನಡಕ ಒದ್ದೆಯಾದದ್ದೂ ಖರೆ.

ಆ ಸೋಮವಾರ ಹುಕ್ಕೇರಿಯಲ್ಲಿ ಒಂದು ಹನಿ ಮಳೆಯೂ ಬಂದಿರಲಿಲ್ಲ.